ಆಡಿನ ಕರುಳು, ಅಪ್ಪನ ಉಸಿರು

ಜಹೀರಾಬಾದಿನ ಒಂದು ಮಟನ್ ಅಂಗಡಿಗೆ ನಾನು ಹದಿನೆಂಟು ವರ್ಷದ ಹಳೆಯ ಗಿರಾಕಿ. ಮಟನ್ ಮಾತ್ರ ಇವತ್ತಿನವರೆಗೆ ಕೊಂಡಿಲ್ಲ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಉಪ್ಪುನೀರು ತುಂಬಿದ ಫ್ಲಾಸ್ಕು. ಬೆಳಿಗ್ಗೆ ಆರೂವರೆಗೆ ಹೋಗಿ ನಿಂತು, ಆಗಷ್ಟೇ ಕೊಯ್ದ ಆಡಿನ ಸಣ್ಣ ಕರುಳಿನಲ್ಲಿ ಒಂದು ಗೇಣು ಕೇಳುತ್ತೇನೆ. ಮೊದಲ ಸಲ ಹೋದಾಗ ಅಂಗಡಿಯ ಸಾಹೇಬರು ನನ್ನ ಹಣೆ ನೋಡಿದರು, ಫ್ಲಾಸ್ಕು ನೋಡಿದರು, ಮತ್ತೆ ಹಣೆ ನೋಡಿದರು.

"ಇಷ್ಟೇ ಸಾಕೇನ್ರಿ ಮೇಡಂ? ಮನ್ಯಾಗ ಎಷ್ಟ್ ಮಂದಿ ಅದೀರಿ?"

"ಮನಿಗಲ್ರಿ, ಕಾಲೇಜಿಗೆ. ಪಾಠ ಮಾಡಾಕ."

"ಕರುಳಿಗಿ ಪಾಠ ಮಾಡ್ತೀರೇನ್ರಿ?"

ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ವಿದ್ಯಾರ್ಥಿಗಳ ಪಕ್ಕದಲ್ಲಿಟ್ಟು ನೋಡಿದರೆ ಕರುಳೇ ಬೇಗ ಕಲಿಯುತ್ತದೆ. ಅಂದಿನಿಂದ ಅವರು ಒಂದು ಮಾತೂ ಆಡದೆ ಕಪ್ಪು ಕವರಿನಲ್ಲಿ ಕಟ್ಟಿಕೊಡುತ್ತಾರೆ, ಯಾರಾದರೂ ನಮ್ಮವರು ನೋಡಿಯಾರು ಎಂದು ನನಗಿಂತ ಅವರೇ ಹೆಚ್ಚು ಕಾಳಜಿ ಮಾಡುತ್ತಾರೆ. ಆಟೋ ಹತ್ತುವ ಮುಂಚೆ ನಾನು ಕವರಿನಿಂದ ಫ್ಲಾಸ್ಕಿಗೆ ಸುರಿದುಕೊಳ್ಳುತ್ತೇನೆ. ಒಂದು ಸಲ ಪಕ್ಕದಲ್ಲಿ ಕೂತ ಹೆಂಗಸು "ಚಹಾ ಏನ್ರಿ? ಒಂದ್ ಗುಟುಕು ಕೊಡ್ರಿ" ಎಂದು ಕೇಳಿದ್ದೂ ಉಂಟು.

ನಾನು ಊರಾಚೆ ಕಬ್ಬಿನ ಹೊಲಗಳ ನಡುವೆ ಇರುವ ಒಂದು ಫಾರ್ಮಸಿ ಕಾಲೇಜಿನಲ್ಲಿ, ಔಷಧ ಮೈಯೊಳಗೆ ಹೋಗಿ ಏನು ಮಾಡುತ್ತದೆ ಎಂಬುದನ್ನು ಕಲಿಸುತ್ತೇನೆ. ತಂದ ಕರುಳನ್ನು ಎರಡು ಬೆರಳುದ್ದ ಕತ್ತರಿಸಿ, ಎರಡೂ ತುದಿಗೆ ದಾರ ಕಟ್ಟಿ, ಮೈಯಷ್ಟೇ ಬೆಚ್ಚಗಿರುವ ಉಪ್ಪುನೀರಿನ ಗಾಜಿನ ಕೊಳವೆಯಲ್ಲಿ ನೇತುಹಾಕುತ್ತೇವೆ. ಅದಕ್ಕೆ ಉಸಿರಾಡಲು ಗಾಳಿಯ ಗುಳ್ಳೆ ಬೇಕು. ಮೀನು ಸಾಕುವವರು ತೊಟ್ಟಿಗೆ ಹಾಕುವ ಸಣ್ಣ ಮೋಟಾರು ಇಟ್ಟು ಆ ಕೆಲಸ ಮಾಡಿಸುತ್ತೇವೆ. ಆಡು ಸತ್ತು ಗಂಟೆಯಾಗಿದ್ದರೂ ಕರುಳಿಗೆ ಆ ಸುದ್ದಿ ಇನ್ನೂ ಮುಟ್ಟಿರುವುದಿಲ್ಲ. ಕೊಳವೆಯಲ್ಲಿ ಅದು ತನ್ನ ಪಾಡಿಗೆ ತಾನು ಕುಗ್ಗುತ್ತ ಹಿಗ್ಗುತ್ತ ಇರುತ್ತದೆ. ಅದರ ಗೋಡೆಯಲ್ಲಿರುವುದು ನುಣುಪು ಸ್ನಾಯು. ಕೈಕಾಲಿನ ಸ್ನಾಯುವಿನ ಹಾಗೆ ಇದು ನಮ್ಮ ಹುಕುಂ ಕೇಳುವುದಿಲ್ಲ. ಕರುಳಿನ ಸುತ್ತ, ರಕ್ತನಾಳದ ಸುತ್ತ, ಎದೆಯೊಳಗಿನ ಉಸಿರುಕೊಳವೆಯ ಸುತ್ತ ಇದೇ ಸುತ್ತಿಕೊಂಡಿರುತ್ತದೆ. ನೀರಿಗೆ ಔಷಧದ ಒಂದು ಹನಿ ಹಾಕಿದರೆ ಕರುಳು ಮುದುಡುತ್ತದೆ, ದಾರ ಎಳೆಯುತ್ತದೆ, ದಾರಕ್ಕೆ ಕಟ್ಟಿದ ಕಡ್ಡಿ ಮಸಿ ಹಿಡಿಸಿದ ಕಾಗದದ ಮೇಲೆ ಬಿಳಿ ಗೆರೆ ಎಳೆಯುತ್ತದೆ.

ಹನಿ ಬಿದ್ದ ಕೂಡಲೇ ಕರುಳಿಗೆ ಹೇಗೆ ಗೊತ್ತಾಗುತ್ತದೆ? ಸ್ನಾಯುವಿನ ಮೇಲೆ ರಿಸೆಪ್ಟರ್ ಎಂಬ ಜಾಗಗಳಿರುತ್ತವೆ. ಔಷಧದ ಕಣ ಬಂದು ಅಲ್ಲಿ ಕೂರಬೇಕು, ಕೂತ ಮೇಲೆ ಕೆಲಸ ಶುರು. ಪುಸ್ತಕದಲ್ಲಿ ಬೀಗ, ಕೀಲಿಕೈ ಎಂದು ಬರೆದಿದ್ದಾರೆ. ನಮ್ಮ ಹುಡುಗ ಹುಡುಗಿಯರಿಗೆ ನಾನು ತಾಂಡೂರು ಬಸ್ಸಿನ ಸೀಟು ತೋರಿಸಿ ಹೇಳಿಕೊಡುತ್ತೇನೆ. ಬಸ್ಸು ನಿಲ್ದಾಣಕ್ಕೆ ಬರುವುದೇ ತಡ, ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವ ಜನ ನಾವು. ಮನುಷ್ಯ ಕೂತರೆ ಪ್ರಯಾಣ ಸಾಗುತ್ತದೆ. ಟವೆಲ್ ಕೂತರೆ ಸೀಟೂ ಇಲ್ಲ, ಪ್ರಯಾಣವೂ ಇಲ್ಲ. ಕೆಲವು ಔಷಧಗಳು ಹೀಗೆಯೇ, ಬರೀ ಟವೆಲ್. ತಾವೂ ಏನೂ ಮಾಡುವುದಿಲ್ಲ, ಇನ್ನೊಬ್ಬರನ್ನು ಕೂರಲೂ ಬಿಡುವುದಿಲ್ಲ. ಅವಕ್ಕೆ ಬ್ಲಾಕರ್ ಎನ್ನುತ್ತೇವೆ. ಕೊಳವೆಗೆ ಮೊದಲು ಬ್ಲಾಕರ್ ಹಾಕಿ ಆಮೇಲೆ ಅದೇ ಹನಿ ಹಾಕಿದರೆ ಕರುಳು ಕದಲುವುದಿಲ್ಲ. ಮಂದಿ ಹೆಚ್ಚಾಗಿ ನುಗ್ಗಿದರೆ ಟವೆಲ್ ಕಿತ್ತೆಸೆದು ಕೂರುತ್ತಾರಲ್ಲ, ಹಾಗೆ ನಾಲ್ಕು ಪಟ್ಟು ಎಂಟು ಪಟ್ಟು ಹಾಕಿದರೆ ಮತ್ತೆ ಮುದುಡುತ್ತದೆ. ಇಲ್ಲವೇ ಮೂರು ಸಲ ನೀರು ಬದಲಿಸಿ ತೊಳೆದರೆ ಟವೆಲ್ ಹೋಗಿ ಕರುಳು ಮೊದಲಿನಂತಾಗುತ್ತದೆ. ಈ ಪಾಠ ಹೇಳಿದಾಗಲೆಲ್ಲ ಕ್ಲಾಸು ನಗುತ್ತದೆ, ಹಾಗಾಗಿ ನಾನು ಒಳ್ಳೆಯ ಟೀಚರ್ ಎಂದು ಬಹಳ ವರ್ಷ ನಂಬಿಕೊಂಡಿದ್ದೆ.

ಆದರೆ ನಗುವುದು ಬೇರೆ, ಮಾಡುವುದು ಬೇರೆ. ನಿಜವಾದ ಕರುಳಿನ ಗೆರೆ ಯಾವತ್ತೂ ಪುಸ್ತಕದ ಗೆರೆಯಂತೆ ಬರುವುದಿಲ್ಲ. ಮಧ್ಯದಲ್ಲಿ ಕರೆಂಟು ಹೋಗಿ ನೀರು ತಣ್ಣಗಾಗುತ್ತದೆ, ಮೋಟಾರು ನಿಲ್ಲುತ್ತದೆ, ಕರುಳಿಗೆ ಬೇಸರ ಬರುತ್ತದೆ. ಅದಕ್ಕೆ ನಮ್ಮ ವಿದ್ಯಾರ್ಥಿಗಳು ಒಂದು ಉಪಾಯ ಕಂಡುಕೊಂಡಿದ್ದಾರೆ. ಗ್ರಾಫ್ ಹಾಳೆಯ ಮೇಲೆ ಮೊದಲು ಹಾವಿನಂತೆ ಬಳುಕುವ ಚಂದದ ಗೆರೆ ಎಳೆಯುತ್ತಾರೆ. ಎಳೆಯಲು ಬಳೆ, ಊಟದ ಡಬ್ಬಿಯ ಮುಚ್ಚಳ, ಏನಾದರೂ ಆದೀತು. ಆಮೇಲೆ ಆ ಗೆರೆಯ ಮೇಲೆ ಚುಕ್ಕೆ ಇಡುತ್ತಾರೆ. ಕೊನೆಗೆ, ಚುಕ್ಕೆ ಎಲ್ಲಿ ಬಿತ್ತು ನೋಡಿ ಪಕ್ಕದ ಪಟ್ಟಿಯಲ್ಲಿ ಅಳತೆ ಬರೆಯುತ್ತಾರೆ. ಪ್ರಯೋಗ ಮಾಡುವುದು ಬಿಟ್ಟು ಉಳಿದದ್ದೆಲ್ಲ ಅಚ್ಚುಕಟ್ಟು. ನಾನು ಕೆಂಪು ಪೆನ್ನಿನಲ್ಲಿ "ಮೊದಲು ಚುಕ್ಕೆ, ಆಮೇಲೆ ಗೆರೆ" ಎಂದು ಬರೆದು ಬರೆದು ಬೆರಳು ಸವೆಸಿಕೊಂಡೆ. ತಪಾಸಣೆಗೆ ಬರುವ ಕಮಿಟಿಯವರು ಮಾತ್ರ ಆ ಹಾಳೆಗಳನ್ನೇ ಎತ್ತಿ ಹಿಡಿದು ವಾಹ್ ಎನ್ನುತ್ತಾರೆ. ಪ್ರಿನ್ಸಿಪಾಲರಂತೂ ಕರುಳಿನ ವಾಸನೆ ತಡೆಯಲಾರದೆ ಕಂಪ್ಯೂಟರ್ ತರಿಸಿಟ್ಟಿದ್ದಾರೆ. ಅದರೊಳಗಿನ ಕರುಳಿಗೆ ಹಸಿವಿಲ್ಲ, ಸಾವಿಲ್ಲ, ಒತ್ತಿದ ಕೂಡಲೇ ಪುಸ್ತಕದ ಗೆರೆ. "ಇನ್ನ್ ಮ್ಯಾಲ ಮಟನ್ ಅಂಗಡಿ ಯಾಕ್ರಿ ಮೇಡಂ?" ಎಂದು ಕೇಳಿದರು. ನಾನು ಉರಿದುಬಿದ್ದೆ. ಸುಳ್ಳು ಕರುಳಿನಿಂದ ಸುಳ್ಳು ಔಷಧಗಾರರೇ ತಯಾರಾಗುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ಭಾಷಣ ಮಾಡಿದೆ. ಆ ಭಾಷಣ ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ.

ನಮ್ಮ ಅಪ್ಪ ಇರುವುದು ತಾಂಡೂರಿನಲ್ಲಿ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಮೆಷಿನ್ನಿನ ಮುಂದೆ ಮೂವತ್ತು ವರ್ಷ ನಿಂತವನು. ಅಲ್ಲಿ ಎಲ್ಲರ ಎದೆಯೂ ಸ್ವಲ್ಪ ಸಿಳ್ಳೆ ಹಾಕುತ್ತದೆ, ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ಅಪ್ಪನಿಗೆ ಉಬ್ಬಸ ಇದ್ದದ್ದು ನಿಜ. ನಮ್ಮ ಕಡೆ ದಮ್ ಎನ್ನುತ್ತೇವೆ. ಬಾಯಿಗೆ ಹಿಡಿದು ಎಳೆದುಕೊಳ್ಳುವ ಪಂಪನ್ನು ನಾನೇ ತಂದುಕೊಟ್ಟಿದ್ದೆ. ಅದರ ಔಷಧ ಉಸಿರುಕೊಳವೆಯ ಸ್ನಾಯುವಿನ ಸೀಟಿನಲ್ಲಿ ಕೂತು ಅದನ್ನು ಸಡಿಲ ಮಾಡುತ್ತದೆ. ಎರಡು ಸಲ ಎಳೆದರೆ ಅಪ್ಪ ಎದ್ದು ಚಹಾಕ್ಕೆ ಹೋಗುತ್ತಿದ್ದ. ಹೀಗೆ ಎಂಟು ವರ್ಷ ನಡೆದಿತ್ತು.

ಕಳೆದ ವರ್ಷ ಅಪ್ಪನ ಕಣ್ಣು ಮಂಜಾಗತೊಡಗಿತು. ಕಣ್ಣಿನ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಮೊದಲು ಒಂದು ಫಾರಂ ಕೊಟ್ಟರು. ಬಿಪಿ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ಉಬ್ಬಸ ಇದೆಯೇ, ಹೃದಯದ ತೊಂದರೆ ಇದೆಯೇ ಎಂದು ಉದ್ದದ ಪಟ್ಟಿ. ನಮ್ಮ ಮಂದಿಗೆ ಇಂಥ ಪಟ್ಟಿ ಕಂಡರೆ ಒಂದೇ ಉತ್ತರ ಗೊತ್ತು. ಎಲ್ಲಕ್ಕೂ ಇಲ್ಲ. ಹೌದು ಎಂದರೆ ಇಲ್ಲಿ ನೋಡುವುದಿಲ್ಲ, ಹೈದರಾಬಾದಿಗೆ ಹೋಗಿ ಎನ್ನುತ್ತಾರೆ ಎಂಬ ಭಯ. ಹೈದರಾಬಾದು ಎಂದರೆ ಒಂದು ವಾರ, ನಾಲ್ಕು ಟೆಸ್ಟು, ಯಾರದೋ ಮನೆಯಲ್ಲಿ ಸಂಕೋಚದ ಊಟ.

"ದಮ್ ಅದ ಅಂತ ಬರೀಲೇನಪ್ಪಾ?" ಎಂದೆ.

"ಹುಚ್ಚಿ ಇದ್ದೀ ಏನ್? ಇಲ್ಲ ಅಂತ ಬರಿ. ಕಣ್ಣಿಗಿ ತೋರ್ಸಾಕ ಬಂದೀವಿ, ಎದಿಗಿ ಅಲ್ಲ."

ನಾನು ಇಲ್ಲ ಎಂದು ಬರೆದೆ. ದುಂಡಗಿನ ಅಕ್ಷರದಲ್ಲಿ, ನನ್ನ ಅದೇ ಕೆಂಪು ಪೆನ್ನಿನಲ್ಲಿ, ಅದರ ಕೆಳಗೆ ಸಹಿಯನ್ನೂ ಹಾಕಿದೆ. ರೋಗಿಯ ಪೂರ್ತಿ ಚರಿತ್ರೆ ಕೇಳದೆ ಔಷಧ ಕೊಡಬಾರದು ಎಂದು ಆ ವಾರವೇ ಕ್ಲಾಸಿನಲ್ಲಿ ಹೇಳಿದ್ದೆ.

ಒಳಗೆ ಡಾಕ್ಟರಮ್ಮ ಕಣ್ಣಿನ ಒತ್ತಡ ಹೆಚ್ಚಾಗಿದೆ, ಹೀಗೇ ಬಿಟ್ಟರೆ ನೋಟ ಹೋಗುತ್ತದೆ ಎಂದು ಹೇಳಿ, ದಿನಕ್ಕೆರಡು ಸಲ ಹಾಕಲು ಹನಿ ಬರೆದುಕೊಟ್ಟರು. ಫಾರಂ ನೋಡಿ ಮತ್ತೊಮ್ಮೆ "ಉಬ್ಬಸ ಏನೂ ಇಲ್ಲ ಅಲ್ವಾ?" ಎಂದು ಕೇಳಿದರು ಕೂಡ. ಅಪ್ಪ ಎದೆಯುಬ್ಬಿಸಿ ತಲೆಯಾಡಿಸಿದ. ಹನಿಯ ಹೆಸರು ಟಿಮೊಲಾಲ್. ಅದು ಬ್ಲಾಕರುಗಳ ಪಾಠದಲ್ಲಿ ಬರುತ್ತದೆ, ಪ್ರತಿ ವರ್ಷ ಕಲಿಸುತ್ತೇನೆ, ಎರಡು ಅಂಕದ ಪ್ರಶ್ನೆಯಾಗಿ ಕೊಡುತ್ತೇನೆ. ಡಬ್ಬಿಯೊಳಗೆ ಮಡಚಿಟ್ಟಿದ್ದ ಸೂಚನೆಯ ಚೀಟಿಯನ್ನು ತೆಗೆದು ಬಿಸಾಡಿದೆ. ಅದನ್ನು ಕಲಿಸುವವಳಿಗೆ ಅದನ್ನು ಓದುವ ಗರಜು ಏನಿತ್ತು?

ಹದಿನೈದು ದಿನ ಕಳೆಯುವುದರೊಳಗೆ ಅಪ್ಪನ ಪಂಪು ಕೆಲಸ ಬಿಟ್ಟಿತು. ಎರಡು ಸಲ ಎಳೆಯುವಲ್ಲಿ ನಾಲ್ಕು, ನಾಲ್ಕರ ಜಾಗದಲ್ಲಿ ಆರು. ನಾನು ಭಾನುವಾರ ತಾಂಡೂರಿಗೆ ಹೋಗಿ ತನಿಖೆ ಮಾಡಿದೆ. ಮೊದಲ ತೀರ್ಪು: ಎಳೆಯುವ ಪದ್ಧತಿ ತಪ್ಪು. ಎಪ್ಪತ್ತೆರಡರ ಮುದುಕನನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಉಸಿರು ಬಿಡು, ಒತ್ತು, ಎಳಿ, ಹಿಡಿ ಎಂದು ಡ್ರಿಲ್ ಮಾಡಿಸಿದೆ. ಅಪ್ಪ ಸುಮ್ಮನೆ ಮಾಡಿದ. ಎರಡನೆಯ ತೀರ್ಪು: ಕಂಪನಿ ಕೆಟ್ಟದ್ದು. ಬೇರೆ ಕಂಪನಿಯ ಪಂಪು ತಂದೆ. ಮೂರನೆಯದು: ಕಲ್ಲಿನ ಧೂಳು. ಮಂಚವನ್ನು ಬೀದಿ ಕಡೆಯಿಂದ ಹಿಂದಿನ ಕೋಣೆಗೆ ಹಾಕಿಸಿ, ಕಿಟಕಿಗೆ ಒದ್ದೆ ಚಾದರ ಕಟ್ಟಿಸಿದೆ. ಅಪ್ಪ ಮಾತ್ರ ಒಂದು ಮಾತು ಹೇಳಿದ.

"ಯವ್ವಾ, ಹನಿ ಹಾಕ್ಕೊಂಡ ಮ್ಯಾಲ ಎದಿ ಬಿಗೀತದ ನೋಡು."

"ಕಣ್ಣೆಲ್ಲಿ, ಎದಿಯೆಲ್ಲಿ ಅಪ್ಪಾ? ಸುಮ್ನ ಇರು."

ಅಪ್ಪ ಸುಮ್ಮನಾದ. ಮಗಳು ಕಲಿತವಳು.

ಆಮೇಲೆ ಅಪ್ಪ ನಾರಾಯಣಖೇಡಿಗೆ, ನನ್ನ ತಂಗಿಯ ಮನೆಗೆ ಹತ್ತು ದಿನ ಇರಲು ಹೋದ. ತಂಗಿ ಹತ್ತನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ಎರಡು ಎಮ್ಮೆ ಸಾಕಿ ಹಾಲು ಹಾಕುತ್ತಾಳೆ. ಹೋಗುವ ಗಡಿಬಿಡಿಯಲ್ಲಿ ಹನಿಯ ಬಾಟಲಿ ತಾಂಡೂರಿನ ಗೂಡಿನಲ್ಲೇ ಉಳಿಯಿತು. ಮೂರನೆಯ ದಿನಕ್ಕೆ ಅಪ್ಪ ಪಂಪು ಮುಟ್ಟುವುದನ್ನೇ ಬಿಟ್ಟ, ಎಮ್ಮೆ ಹೊಡೆದುಕೊಂಡು ಕೆರೆಯವರೆಗೆ ಹೋಗಿಬರತೊಡಗಿದ. ಮನೆಯವರೆಲ್ಲ ನಾರಾಯಣಖೇಡಿನ ಗಾಳಿಯನ್ನು ಹಾಡಿ ಹೊಗಳಿದರು. ನಾನು ಫೋನಿನಲ್ಲಿ ಕಾರಣ ಸಮೇತ ವಿವರಿಸಿದೆ. ಅಲ್ಲಿ ಫರ್ಸಿ ಕಲ್ಲಿನ ಧೂಳಿಲ್ಲ, ಹೀಗಾಗಿ ಉಸಿರುಕೊಳವೆ ಸಡಿಲವಾಗಿದೆ, ನಾನು ಮೊದಲೇ ಹೇಳಿರಲಿಲ್ಲವೇ ಎಂದು. ನನ್ನ ಗೆರೆ ಆಗಲೇ ಬರೆದಾಗಿತ್ತು, ಅಪ್ಪ ಅದರ ಮೇಲೆ ಚುಕ್ಕೆ ಇಡುತ್ತಾ ಹೋದ ಅಷ್ಟೆ.

ತಾಂಡೂರಿಗೆ ಮರಳಿದ ಎರಡು ದಿನದಲ್ಲಿ ಮತ್ತೆ ಸಿಳ್ಳೆ. ಗಾಳಿಯ ಸಿದ್ಧಾಂತ ಗೆದ್ದಿತೆಂದು ನಾನು ಬೀಗಿದೆ. "ಹಂಗಾರ ಅಪ್ಪನ್ನ ತಂಗಿ ಮನ್ಯಾಗೇ ಇಡೂಣು" ಎಂದು ತೀರ್ಮಾನಿಸಿ, ಈ ಸಲ ನಾನೇ ಅವನ ಚೀಲ ಕಟ್ಟಿದೆ. ಹೋದ ಸಲದ ತಪ್ಪು ಆಗಬಾರದೆಂದು ಹನಿಯ ಬಾಟಲಿಯನ್ನು ಎಲ್ಲಕ್ಕಿಂತ ಮೊದಲು ಇಟ್ಟೆ.

ನಾರಾಯಣಖೇಡಿನ ಗಾಳಿ ಈ ಸಲ ಕೈಕೊಟ್ಟಿತು. ಒಂದು ವಾರಕ್ಕೆ ತಂಗಿಯ ಫೋನು ಬಂತು. ನಾನು ಲ್ಯಾಬಿನಲ್ಲಿದ್ದೆ. ಒಬ್ಬ ಹುಡುಗಿ ಹನಿಯ ಮೇಲೆ ಹನಿ ಸುರಿಯುತ್ತಿದ್ದಳು, ಕರುಳು ಕದಲುತ್ತಿರಲಿಲ್ಲ. ಹಿಂದಿನ ಬ್ಯಾಚಿನವರು ಬ್ಲಾಕರ್ ಹಾಕಿ ತೊಳೆಯದೆ ಹೋಗಿದ್ದರು. "ಕೊಳವೆಯಲ್ಲಿ ಏನಿದೆ ಎಂದು ನೋಡದೆ ಮೇಲಿಂದ ಸುರಿದರೆ ಏನು ಬಂತು? ತೊಳಿ ಮೊದಲು!" ಎಂದು ಗದರಿಸಿ, ಫೋನು ಕಿವಿಗಿಟ್ಟುಕೊಂಡೆ.

"ಅಕ್ಕಾ, ಆ ಹನಿನೇ ಅಪ್ಪಗ ಆಗಿ ಬರ್ಲಕತ್ತಿಲ್ಲ ನೋಡು," ಎಂದಳು ತಂಗಿ. "ಹೋದ್ ಸಲ ಹನಿ ಇರ್ಲಿಲ್ಲ, ದಮ್ಮೂ ಇರ್ಲಿಲ್ಲ. ಈ ಸಲ ಹನಿ ಬಂತು, ದಮ್ ಬಂತು. ನಾ ಮೂರ್ ದಿನ ಆತು ಹಾಕೂದು ಬಿಟ್ಟೀನಿ. ಇವತ್ತ್ ಆರಾಮ ಅದಾನ. ರೊಟ್ಟಿ ಎರಡು ತಿಂದಾನ."

ನಾನು ನಕ್ಕೆ. ಲ್ಯಾಬಿನ ನಡುವೆ, ಇಪ್ಪತ್ತು ಹುಡುಗರ ಎದುರು, ಜೋರಾಗಿ ನಕ್ಕೆ. ಆಮೇಲೆ ಸಿಟ್ಟು ಬಂತು.

"ಹನಿ ಬಿಡಸ್ಲಾಕ ನಿನಗ ಯಾರ್ ಹೇಳಿದ್ರು? ಕಣ್ ಹೋದ್ರ ನೀ ಕೊಡ್ತೀ ಏನ್? ಎಮ್ಮಿ ನೋಡ್ಕೊಂಡ್ ಇರು, ದವಾ ನಾ ನೋಡ್ಕೋತೀನಿ."

"ಬಂದು ನೀನೇ ನೋಡಕ್ಕಾ" ಎಂದಳು ಅವಳು.

ಅವಳು ಮಾಡಿದ್ದು ಒಳ್ಳೆಯ ಪ್ರಯೋಗ. ಹಾಕಿದಳು, ನೋಡಿದಳು, ನಿಲ್ಲಿಸಿದಳು, ತೊಳೆದುಹೋಗುವವರೆಗೆ ಕಾದಳು, ಮತ್ತೆ ನೋಡಿದಳು. ಬಳೆ ಇಟ್ಟು ಗೆರೆ ಎಳೆಯಲಿಲ್ಲ. ನನ್ನ ಹದಿನೆಂಟು ವರ್ಷದ ವಿದ್ಯಾರ್ಥಿಗಳಲ್ಲಿ ಇಷ್ಟು ಶುದ್ಧವಾಗಿ ಮಾಡಿದವರು ಒಂದು ಕೈಯ ಬೆರಳೆಣಿಕೆ ದಾಟಲಾರರು. ಇದೆಲ್ಲ ಈಗ ಬರೆಯುತ್ತಿದ್ದೇನೆ. ಆ ದಿನ ನನಗೆ ಕಂಡದ್ದು, ಅಪ್ಪನ ಕಣ್ಣು ಕಳೆಯಲು ಹೊರಟ ಒಬ್ಬ ಹಟಮಾರಿ ಹೆಂಗಸು.

ಮರುದಿನ ಭಾನುವಾರ, ಬೆಳಿಗ್ಗೆಯ ಬಸ್ಸಿಗೆ ನಾರಾಯಣಖೇಡಿಗೆ ಹೋದೆ. ಅಪ್ಪ ಅಂಗಳದಲ್ಲಿ ಕೂತು ತೊಗರಿ ಕೇರುತ್ತಿದ್ದ, ಮೊರದ ಮೇಲೆ ಊದಿ ಹೊಟ್ಟು ಹಾರಿಸುತ್ತಿದ್ದ. ಊದಲು ಉಸಿರು ಎಲ್ಲಿಂದ ಬಂತು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಅವನನ್ನು ಮಂಚದ ಮೇಲೆ ಮಲಗಿಸಿದೆ. ಮೂರು ದಿನದ ಬಾಕಿ ಬೇರೆ ಇದೆಯಲ್ಲ ಎಂದು, ಒಂದೊಂದು ಹಾಕುವ ಕಡೆ ಒಂದೊಂದು ಕಣ್ಣಿಗೆ ಎರಡೆರಡು ಹನಿ ಹಾಕಿದೆ. ಹಾಕಿದ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಹನಿ ಮೂಗಿನೊಳಗೆ ಇಳಿದು ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ಇದೂ ನಾನು ಕಲಿಸುವ ಪಾಠವೇ. ಒತ್ತಲಿಲ್ಲ. ಬಾಗಿಲಲ್ಲಿ ನಿಂತ ತಂಗಿಗೆ "ನೋಡು, ಹಿಂಗ ಹಾಕಬೇಕು" ಎಂದು ಹೇಳುವುದರಲ್ಲಿ ನನ್ನ ಲಕ್ಷ್ಯವಿತ್ತು.

ಅವಳು ಬಡಿದ ರೊಟ್ಟಿ ತಣ್ಣಗಾಗುವ ಮೊದಲೇ ಅಪ್ಪ ಎದ್ದು ಕೂತ. ಎರಡೂ ಕೈ ಮಂಚದ ಪಟ್ಟಿಗೆ ಊರಿ, ಭುಜ ಕಿವಿಯವರೆಗೆ ಎತ್ತಿ, ಬಾಯಿ ತೆರೆದು ಗಾಳಿ ಹುಡುಕತೊಡಗಿದ. ಪಂಪು ಕೊಟ್ಟೆ. ಎರಡು, ನಾಲ್ಕು, ಆರು, ಎಂಟು. ಎದೆ ಒಂದಿಂಚೂ ಸಡಿಲವಾಗಲಿಲ್ಲ. ತಂಗಿ ನನ್ನನ್ನು ನೋಡಲಿಲ್ಲ. ಓಡಿಹೋಗಿ ಪಕ್ಕದ ಮನೆಯವರ ಕಾರು ಕರೆದುಕೊಂಡು ಬಂದಳು.

ಕಾರಿನಲ್ಲಿ ಅಪ್ಪನ ತಲೆ ನನ್ನ ಭುಜದ ಮೇಲಿತ್ತು. ತುಟಿ ಕಪ್ಪಾಗುತ್ತಿತ್ತು. ನಾನು ಮತ್ತೆ ಪಂಪು ಅವನ ಬಾಯಿಗಿಟ್ಟೆ, ಮತ್ತೆ ಒತ್ತಿದೆ. ಆಗ, ಹತ್ತನೆಯ ಸಲವೋ ಹನ್ನೆರಡನೆಯ ಸಲವೋ ಒತ್ತುವಾಗ, ಕೈ ನಿಂತುಬಿಟ್ಟಿತು. ಒಳಗೆ ಒಂದು ಸೀಟೂ ಖಾಲಿ ಇರಲಿಲ್ಲ. ಎಲ್ಲ ಸೀಟಿನ ಮೇಲೂ ಟವೆಲ್ ಇತ್ತು, ಎಸೆದವಳು ನಾನೇ. ಎರಡು ತಿಂಗಳಿಂದ ಬೆಳಿಗ್ಗೆ ಸಂಜೆ ಅಪ್ಪನ ಕೈಯಿಂದಲೇ ಎಸೆಸಿದ್ದೆ, ಇವತ್ತು ನನ್ನ ಕೈಯಾರೆ ನಾಲ್ಕು ಸೇರಿಸಿ ಎಸೆದಿದ್ದೆ. ಕೊಳವೆಯಲ್ಲಿ ನೇತಾಡುವ ಕರುಳಿಗೆ ಕಣ್ಣಿಲ್ಲ, ಮೂಗಿಲ್ಲ, ಎದೆಯಿಲ್ಲ. ಅದರ ಮುಂದೆ ಹದಿನೆಂಟು ವರ್ಷ ಕೂತು ಕೂತು, ಮನುಷ್ಯನ ಮೈಯಲ್ಲಿ ಎಲ್ಲವೂ ಒಂದಕ್ಕೊಂದು ಹತ್ತಿಕೊಂಡಿರುತ್ತವೆ ಎಂಬುದನ್ನೇ ಮರೆತಿದ್ದೆ. ತಂಗಿ ಮರೆತಿರಲಿಲ್ಲ. ಅವಳ ಎಮ್ಮೆಗೆ ಕಾಲು ನೋವಾದರೆ ಹಾಲು ಕಡಿಮೆಯಾಗುತ್ತದೆ, ಅವಳು ದಿನಾ ನೋಡುತ್ತಾಳೆ.

ನನಗೆ ಆಗ ಆದದ್ದು ಪಶ್ಚಾತ್ತಾಪ ಅಲ್ಲ, ಬರೀ ಹೆದರಿಕೆ. ಅಪ್ಪ ನನ್ನ ಕೈಯಲ್ಲೇ ಹೋಗುತ್ತಾನೆ ಎಂಬ ಹೆದರಿಕೆ. ದಾರಿಯುದ್ದಕ್ಕೂ "ಅಪ್ಪಾ, ಉಸಿರ್ ತಗೋ, ಅಪ್ಪಾ" ಎಂದು ಗೋಗರೆದೆ. ತಗೊಳ್ಳಲು ನಾನು ದಾರಿ ಬಿಟ್ಟಿರಲಿಲ್ಲ.

ದವಾಖಾನೆಯ ಡಾಕ್ಟರ್ ಬೀದರ್ ಕಡೆಯ ಹುಡುಗ, ನನ್ನ ವಿದ್ಯಾರ್ಥಿಗಳಷ್ಟೇ ವಯಸ್ಸು. ಅಪ್ಪನ ಮುಖಕ್ಕೆ ಮಾಸ್ಕ್ ಹಾಕುತ್ತಲೇ "ಏನೇನ್ ದವಾ ತಗೋತಾರ್ರಿ?" ಎಂದು ಕೇಳಿದರು. ನಾನು ಕೈಯಲ್ಲಿದ್ದ ಪಂಪನ್ನಷ್ಟೇ ಮುಂದೆ ಮಾಡಿದೆ. ತಂಗಿ ಸೆರಗಿನ ಗಂಟು ಬಿಚ್ಚಿ ಹನಿಯ ಬಾಟಲಿ ತೆಗೆದು ಅವರ ಕೈಯಲ್ಲಿಟ್ಟಳು. ಹೊರಡುವ ಅವಸರದಲ್ಲೂ ಅವಳಿಗೆ ಅದು ನೆನಪಿತ್ತು. ಡಾಕ್ಟರ್ ಹೆಸರು ಓದಿ ಒಂದು ಕ್ಷಣ ಕಣ್ಣು ಮುಚ್ಚಿದರು. ಕೂಡಲೇ ನರ್ಸಿಗೆ ಹೇಳಿ ಮಾಸ್ಕಿನೊಳಗೆ ಬೇರೆ ಔಷಧ ಹಾಕಿಸಿದರು. ಅದೇ ಸ್ನಾಯುವನ್ನು ಬೇರೆ ಸೀಟಿನಲ್ಲಿ ಕೂತು ಸಡಿಲ ಮಾಡುವ ಔಷಧ ಅದು. ಒಂದು ಇಂಜೆಕ್ಷನ್ನನ್ನೂ ಕೊಟ್ಟರು. ನಾನು ಗೋಡೆಗೆ ಒರಗಿ ನಿಂತು ಅಪ್ಪನ ಕೊರಳಿನ ಹೊಂಡ ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ನೋಡುತ್ತಿದ್ದೆ. ಮಧ್ಯಾಹ್ನ ಕಳೆದು ಬಿಸಿಲು ಕಿಟಕಿ ದಾಟುವ ಹೊತ್ತಿಗೆ ಭುಜ ಇಳಿಯಿತು, ತುಟಿಗೆ ಬಣ್ಣ ಬಂತು. ತಂಗಿ ಅಲ್ಲೇ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತಳು. ನಾನು ಅವಳ ಪಕ್ಕ ಕೂರಲು ಹೋದೆ. ಅವಳು ಜರುಗಿ ಜಾಗ ಕೊಟ್ಟಳು.

ಎರಡನೆಯ ಸಲ ಮಾಸ್ಕ್ ಹಾಕಿ ತೆಗೆದ ಮೇಲೆ ಡಾಕ್ಟರ್ ಕಾಗದ ಹಿಡಿದು ಬಂದರು.

"ಈ ಹನಿ ದಮ್ ಇದ್ದವರಿಗಿ ಹಾಕಬಾರದ್ರಿ. ಜೀವಕ್ಕ ಬರ್ತದ. ಬೇರೆ ಹನಿ ಅದಾವ, ಕಣ್ಣಿನ ಡಾಕ್ಟರಗ ಹೇಳಿ ಬದಲ್ ಮಾಡಸ್ರಿ. ಅಲ್ಲಿ ದಮ್ ಅದ ಅಂತ ಹೇಳಿರಲಿಲ್ಲೇನ್ರಿ?"

ನಾನು ಉತ್ತರ ಕೊಡುವ ಮೊದಲೇ ಅಪ್ಪ ಅಂದ. ದನಿ ಇನ್ನೂ ಒಡೆದಿತ್ತು.

"ನಾನೇ ಇಲ್ಲ ಅಂತ ಬರಸೀನ್ರಿ. ತಪ್ಪ್ ನಂದದ."

"ಇವತ್ತ್ ಹನಿ ಯಾರ್ ಹಾಕಿದ್ರು?"

ಅಪ್ಪ ನನ್ನ ಕಡೆ ನೋಡಿದ. "ಮಗಳು ಹಾಕ್ಯಾಳ್ರಿ."

ಡಾಕ್ಟರ್ ನನ್ನತ್ತ ತಿರುಗಿದರು. ಸಿಟ್ಟೇನೂ ಇರಲಿಲ್ಲ. ಎಷ್ಟರ ಮಟ್ಟಿಗೆ ಬಿಡಿಸಿ ಹೇಳಬೇಕು ಎಂದು ತಿಳಿದುಕೊಳ್ಳಲು ಕೇಳಿದರು.

"ನೀವು ಏನ್ ಮಾಡ್ತೀರ್ರಿ ಅಮ್ಮಾ? ಓದೀರೇನು?"

ವಾಡಿ ಕಡೆ ಹೋಗುವ ರೈಲಿನಲ್ಲಿ ಎದುರು ಕೂತವರ ಹೆಸರು ಕೇಳುವ ಮೊದಲೇ "ನನ್ ಮಗಳು ದವಾದ ಪಾಠ ಹೇಳ್ತಾಳ್ರಿ, ಕಾಲೇಜಿನ್ಯಾಗ" ಎಂದು ಶುರು ಮಾಡುವವನು ನಮ್ಮಪ್ಪ. ಕಲ್ಲು ಕೊಳ್ಳಲು ಬಂದವರಿಗೆ, ಚಹಾದಂಗಡಿಯವನಿಗೆ, ಮನೆಗೆ ಬಂದ ಪೋಸ್ಟಿನವನಿಗೂ ಹೇಳಿದ್ದಾನೆ. ನಾನು ಎಷ್ಟೋ ಸಲ ನಾಚಿಕೆಯಿಂದ ಅವನ ತೋಳು ಜಗ್ಗಿದ್ದೇನೆ. ಈಗ ನಾನು ಬಾಯಿ ತೆರೆದೆ. ಅಪ್ಪ ಮಂಚದಿಂದ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದ, ಗಟ್ಟಿಯಾಗಿ.

"ಇಲ್ರಿ," ಎಂದ. "ಆಕಿ ಏನೂ ಓದಿಲ್ಲ. ಮನ್ಯಾಗೇ ಇರ್ತಾಳ."

ಡಾಕ್ಟರ್ ತಲೆಯಾಡಿಸಿ, ಸ್ಟೂಲು ಎಳೆದುಕೊಂಡು ನನ್ನೆದುರು ಕೂತರು. ಕಣ್ಣಿಗೆ ಹಾಕಿದ ಔಷಧ ಎದೆಗೆ ಹೇಗೆ ಹೋಗಿ ಕೂರುತ್ತದೆ ಎಂಬುದನ್ನು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ, ಮೊದಲಿನಿಂದ ಹೇಳತೊಡಗಿದರು. ಅಪ್ಪ ನನ್ನ ಕೈ ಬಿಟ್ಟಿರಲಿಲ್ಲ. ನಾನು ಕೊನೆಯವರೆಗೂ ಕೇಳಿದೆ.